ಅವರೆ ಹೂ ಬಿಡದ ವರ್ಷ

ಜಡೆಯನನ್ನು ಕಾಡುಹಂದಿ ಸೀಳಿದ ರಾತ್ರಿ ಹೊಲ ಕಾಯುವ ಸರದಿ ಶಾಂತಮಲ್ಲನದಾಗಿತ್ತು.

ಶಾಂತಮಲ್ಲ ಬೆಟ್ಟದ ಮೇಲಿನ ಆಶ್ರಮದಲ್ಲಿ ಆರು ವರ್ಷದಿಂದ ಶಿಷ್ಯ. ಆಶ್ರಮವೆಂದರೆ ಎರಡು ಹೆಂಚಿನ ಕೋಣೆ, ಒಂದು ಬಾವಿ, ಮತ್ತು ಗುರು ದೇವೀರಮ್ಮ. ಎಂಬತ್ತು ದಾಟಿದ ಆಕೆಯನ್ನು ಎಲ್ಲರೂ ಅವ್ವ ಎನ್ನುತ್ತಿದ್ದರು.

ಬೆಟ್ಟದ ಬುಡದಲ್ಲಿ ಇಪ್ಪತ್ತೆರಡು ಮನೆಗಳ ಊರು. ಊರಿಗೂ ಆಶ್ರಮಕ್ಕೂ ನಡುವೆ ಒಂದು ಹೊಲ. ಮಳೆಗಾಲದಲ್ಲಿ ಅದರಲ್ಲಿ ಅವರೆ ಬಿತ್ತುತ್ತಿದ್ದರು. ಊರಿನವರೂ ಆಶ್ರಮದವರೂ ಕೂಡಿ ದುಡಿದು, ಕೂಡಿ ಹಂಚಿಕೊಳ್ಳುತ್ತಿದ್ದರು. ಪುಷ್ಯದ ಚಳಿಯಿಂದ ಮುಂದಿನ ಮಳೆಯವರೆಗೆ ಊರಿನ ಹೊಟ್ಟೆ ನಿಂತಿದ್ದು ಆ ಕಾಳಿನ ಮೇಲೆ.

ಕಾಡು ಹತ್ತಿರ. ಹೊಲದ ನಡುವೆ ಅಟ್ಟಣೆ ಕಟ್ಟಿ ರಾತ್ರಿಗೊಬ್ಬರಂತೆ ಕಾವಲು ಕೂರುತ್ತಿದ್ದರು.

ಆ ಸಂಜೆ ಶಾಂತಮಲ್ಲ ಊರಿನ ಜಡೆಯನಿಗೆ ಹೇಳಿದ, "ಮೈ ಬೆಚ್ಚಗಿದೆ. ಇವತ್ತು ನನ್ನ ಬದಲು ನೀನು ಕೂರ್ತೀಯಾ?"

ಜಡೆಯ ಅವನ ಮುಖ ನೋಡಿ ನಕ್ಕ. "ಅದಕ್ಕೇನು ಬುದ್ಧಿ, ನೀವು ಮಲಗಿ."

ಶಾಂತಮಲ್ಲನಿಗೆ ಜ್ವರವಿರಲಿಲ್ಲ. ಕೆಲವು ದಿನಗಳಿಂದ ಅವನ ಧ್ಯಾನ ಆಳಕ್ಕೆ ಇಳಿಯತೊಡಗಿತ್ತು. ಒಂದು ರಾತ್ರಿಯನ್ನೂ ಬಿಟ್ಟುಕೊಡಲು ಮನಸ್ಸಿರಲಿಲ್ಲ.

ಬೆಳಗ್ಗೆ ಜಡೆಯ ಹೊಲದಲ್ಲಿ ಬಿದ್ದಿದ್ದ. ಹಂದಿಯ ಕೋರೆ ತೊಡೆಯ ನರ ಹರಿದಿತ್ತು. ಅಟ್ಟಣೆಯ ಬುಡದಿಂದ ಹತ್ತು ಮಾರು ತೆವಳಿದ್ದ.

ತೆವಳಿದ್ದು ಆಶ್ರಮದ ಕಡೆಗೆ.

ಮಣ್ಣು ಮಾಡಿದ ಮೇಲೆ ಶಾಂತಮಲ್ಲ ಗುರುವಿನ ಮುಂದೆ ಬಂದು ನಿಂತ.

"ಅವ್ವ, ಇದಕ್ಕೆ ಪ್ರಾಯಶ್ಚಿತ್ತ ಏನು?"

"ಅವರೆ ಸಾಲಲ್ಲಿ ಕಳೆ ಎದ್ದಿದೆ. ಕಿತ್ತು ಬಾ."

"ನಾನು ಸಾವಿನ ಮಾತು ಕೇಳ್ತಿದೀನಿ."

"ನಾನೂ ಅದನ್ನೇ ಹೇಳ್ತಿದೀನಿ. ಆ ಸಾಲು ಜಡೆಯನದು. ಇನ್ನು ಕೀಳೋರಿಲ್ಲ."

ಶಾಂತಮಲ್ಲ ಹೋಗಿ ಕಳೆ ಕಿತ್ತ. ಪಕ್ಕದ ಸಾಲಿನಲ್ಲಿ ಜಡೆಯನ ಹೆಂಡತಿ ಕೇತಮ್ಮ ಕೀಳುತ್ತಿದ್ದಳು. ಗಂಡ ಸತ್ತು ಮೂರು ದಿನ. ಬದುವಿನ ಮೇಲೆ ಜಡೆಯನ ಅಪ್ಪ ಮಾರಜ್ಜ ಕೂತಿದ್ದ. ಅವನ ಮೊಣಕಾಲು ಬಿದ್ದುಹೋಗಿ ವರ್ಷಗಳಾಗಿದ್ದವು. ಇಬ್ಬರೂ ಶಾಂತಮಲ್ಲನನ್ನು ಬೈಯಲಿಲ್ಲ. ಕೇತಮ್ಮ ಒಮ್ಮೆ ತನ್ನ ನೀರಿನ ಚೆಂಬನ್ನು ಅವನ ಕಡೆಗೆ ಸರಿಸಿದಳು, ಅಷ್ಟೆ.

ಮಧ್ಯಾಹ್ನದ ಹೊತ್ತಿಗೆ ಅವನಿಗೆ ತಡೆಯಲಾಗಲಿಲ್ಲ. ಕುಡುಗೋಲು ಅಲ್ಲೇ ಬಿಟ್ಟು ಪೇಟೆಯ ದಾರಿ ಹಿಡಿದ.

ಪೇಟೆಯಲ್ಲಿ ಆಶ್ರಮಕ್ಕೆ ನಡೆದುಕೊಳ್ಳುವ ಭಕ್ತರೊಬ್ಬರಿದ್ದರು. ಅವರು ನಡೆದದ್ದನ್ನು ಕೇಳಿ ಕಣ್ಣೀರು ಹಾಕಿದರು. ಗಾಡಿ ತುಂಬ ತಂತಿ, ನಲವತ್ತು ದೊಡ್ಡ ಬಲ್ಬು ಕೊಟ್ಟು ಕಳಿಸಿದರು.

ಊರಿನ ಗಂಡಸರು ಬಿದಿರು ಕಡಿದು ತಂದರು. ಎಂಟು ದಿನದಲ್ಲಿ ಹೊಲದ ಸುತ್ತ, ನಡುವೆ, ತುದಿಗೊಂದು ಬಲ್ಬು ಹೊತ್ತ ನಲವತ್ತು ಗಳ ನಿಂತವು. ಹೊತ್ತು ಮುಳುಗಿದ ಕೂಡಲೇ ಶಾಂತಮಲ್ಲ ಆಶ್ರಮದ ಗೋಡೆಯ ಮೇಲಿನ ಗುಂಡಿ ಒತ್ತಿದ.

ಹೊಲ ಮದುವೆ ಮನೆಯಂತೆ ಬೆಳಗಿತು. ಊರವರೆಲ್ಲ ಬದುವಿನ ಮೇಲೆ ಬಂದು ನಿಂತರು. ಮಾರಜ್ಜ ಕೈ ಮುಗಿದ. ಕೇತಮ್ಮ ಮಾತ್ರ, "ಒಂದು ತಿಂಗಳು ಮೊದ್ಲು ಬಂದಿದ್ರೆ" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಅಂದಿನಿಂದ ಹಂದಿ ಬರಲಿಲ್ಲ. ಕಾವಲು ನಿಂತುಹೋಯಿತು. ಅಟ್ಟಣೆಯ ಮೇಲೆ ಯಾರೂ ಹತ್ತಲಿಲ್ಲ.

ಅವ್ವ ಜಗಲಿಯ ಮೇಲೆ ಕೂತು ಆ ಬೆಳಕು ನೋಡಿದಳು.

"ಇವನ್ನ ಯಾವಾಗ ಆರಿಸ್ತೀಯ?"

"ಬೆಳಗಾದ ಮೇಲೆ ಅವ್ವ."

"ಬೆಳಗಾಗೋದು ಸರಿ. ಈ ಗಿಡಗಳಿಗೆ ಸಂಜೆ ಆಗೋದು ಯಾವಾಗ?"

ಶಾಂತಮಲ್ಲನಿಗೆ ಮಾತು ತಿಳಿಯಲಿಲ್ಲ.

ಮರುದಿನ ಅವ್ವ ಒಂದು ಅವರೆ ಗಿಡವನ್ನು ಬುಡದ ಮಣ್ಣಿನ ಸಮೇತ ಕಿತ್ತು ತಂದು ಒಡಕು ಮಡಕೆಯಲ್ಲಿ ನೆಟ್ಟಳು. ಅದನ್ನು ಕಾಳಿನ ಕೋಣೆಯೊಳಗೆ ಇಟ್ಟಳು. ಆ ಕೋಣೆಗೆ ಕಿಟಕಿಯಿರಲಿಲ್ಲ. ಬಾಗಿಲು ಹಾಕಿದರೆ ಒಳಗೆ ಹಗಲೂ ಒಂದೇ, ಇರುಳೂ ಒಂದೇ.

ಸಂಜೆ ಶಾಂತಮಲ್ಲನನ್ನು ಕರೆದಳು. "ಒಳಗೆ ಹೋಗು. ದೀಪ ತಗೊಂಡು ಹೋಗಬೇಡ. ಕೈಯಲ್ಲಿ ಮುಟ್ಟಿ ನೋಡ್ಕೊಂಡು ಬಾ."

ಅವನು ತಡಕಾಡಿ ಮುಟ್ಟಿದ. ಎಲೆಗಳೆಲ್ಲ ಕಾಂಡದ ಕಡೆಗೆ ಜೋತು ಬಿದ್ದಿದ್ದವು.

"ಬಾಡಿದೆ ಅವ್ವ. ಪಾಪ, ಬೆಳಕಿಲ್ಲ."

ಮರುದಿನ ಕೋಳಿ ಕೂಗುವ ಹೊತ್ತಿಗೆ ಅವಳು ಮತ್ತೆ ಕಳಿಸಿದಳು. ಅವನು ಕತ್ತಲಲ್ಲಿ ಕೈ ಚಾಚಿದ. ಎಲೆಗಳು ಅಂಗೈ ಬಿಡಿಸಿದಂತೆ ಹರಡಿಕೊಂಡಿದ್ದವು.

ಆ ಸಂಜೆ ನೋಡಿದರೆ ಮತ್ತೆ ಜೋತು ಬಿದ್ದಿದ್ದವು. ಮೂರನೆಯ ಬೆಳಗ್ಗೆ ಮತ್ತೆ ಎದ್ದಿದ್ದವು.

ಅವ್ವ ಕೇಳಿದಳು, "ಒಳಗೆ ಒಂದು ಗೆರೆ ಬೆಳಕಿಲ್ಲ. ಬೆಳಗಾಯ್ತು ಅಂತ ಅದಕ್ಕೆ ಯಾರು ಹೇಳಿದ್ದು?"

"ಅಭ್ಯಾಸ ಇರಬೇಕು."

"ಅಂದರೆ ಹಗಲು ಯಾವುದು, ರಾತ್ರಿ ಯಾವುದು, ಅದಕ್ಕೆ ಒಳಗೇ ಗೊತ್ತು."

"ಇರಬಹುದು."

"ಅವರೆ ಯಾವಾಗ ಹೂ ಬಿಡ್ತದೆ?"

"ಚಳಿ ಬಿದ್ದಾಗ."

"ರಾತ್ರಿ ಉದ್ದ ಆದಾಗ. ಎಷ್ಟು ಉದ್ದ ಆಯ್ತು ಅಂತ ಅದು ದಿನಾ ಕತ್ತಲಲ್ಲಿ ಕೂತು ಅಳೀತಾ ಇರ್ತದೆ. ನೀನು ಅಳೆಯೋ ಕತ್ತಲನ್ನೇ ತೆಗೆದುಬಿಟ್ಟೆ."

"ಗಿಡ ಬದುಕೋದು ಬೆಳಕಿಂದ ಅಂತ ನೀವೇ ಹೇಳಿಕೊಟ್ಟಿದ್ದು ಅವ್ವ."

"ನೀನು ಬದುಕೋದು ಅನ್ನದಿಂದ. ಇಪ್ಪತ್ನಾಲ್ಕು ಗಂಟೆಯೂ ಉಣ್ತೀಯಾ?"

ಶಾಂತಮಲ್ಲನಿಗೆ ಸಿಟ್ಟು ಬಂತು. "ಸರಿ, ದೀಪ ಆರಿಸ್ತೀನಿ. ಆಮೇಲೆ ಹೊಲದಲ್ಲಿ ಯಾರು ಕೂರ್ತಾರೆ? ಒಂದು ಹೆಸರು ಹೇಳಿ."

ಅವ್ವ ಅವನನ್ನೇ ನೋಡುತ್ತ ಕೂತಳು.

ಶಾಂತಮಲ್ಲ ಕಣ್ಣು ಕೆಳಗೆ ಹಾಕಿದ. "ಆ ಅಟ್ಟಣೆ ಹತ್ರ, ಕತ್ತಲಲ್ಲಿ... ನನ್ನಿಂದ ಆಗಲ್ಲ ಅವ್ವ."

ಅವ್ವ ಕೋಲು ಹಿಡಿದು ತಾನೇ ಊರಿಗೆ ಇಳಿದು ಹೋದಳು. ಮನೆ ಮನೆಯಲ್ಲಿ ಕೇಳಿದಳು. ಯಾರೂ ಒಪ್ಪಲಿಲ್ಲ. ಒಂದು ಹೆಣ ಕಂಡ ಹೊಲ, ಅಂದರು. ಕೊನೆಗೆ ಕೇತಮ್ಮನ ಮನೆ.

"ದೀಪ ಇರ್ಲಿ ಬುಡಿ ಅವ್ವ" ಎಂದಳು ಕೇತಮ್ಮ. "ಅವು ಬಂದ ಮೇಲೆ ನನಗೆ ಒಂದಿಷ್ಟು ಕಣ್ಣು ಹತ್ತುತ್ತಾ ಇದೆ."

ಅವ್ವ ಬೆಟ್ಟ ಹತ್ತಿ ವಾಪಸು ಬಂದಳು. ಆಮೇಲೆ ದೀಪದ ಮಾತೆತ್ತಲಿಲ್ಲ.

ಆಶ್ವಯುಜದಲ್ಲಿ ಬಳ್ಳಿಗಳು ಸೊಂಟದೆತ್ತರಕ್ಕೆ ಬಂದವು. ಎಲೆ ಅಂಗೈ ಅಗಲ, ಕಪ್ಪಗೆ ಮಿರುಗುವ ಹಸಿರು. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು.

"ಇಂಥ ಅವರೆ ನಮ್ಮಪ್ಪನ ಕಾಲದಲ್ಲೂ ಕಾಣೆ" ಎಂದ ಒಬ್ಬ ಮುದುಕ.

ಶಾಂತಮಲ್ಲ ಆ ಮಾತನ್ನು ಅವ್ವನಿಗೆ ತಂದು ಹೇಳಿದ.

ಅವ್ವ, "ದನಕ್ಕೆ ಒಳ್ಳೇ ಮೇವು" ಎಂದಳು.

ಕಾರ್ತಿಕ ಬಂತು. ಗುಡ್ಡದ ಆಚೆಯ ಊರುಗಳಲ್ಲಿ ಅವರೆ ಹೂ ಬಿಟ್ಟಿತು. ಬೆಳಗಿನ ಗಾಳಿಯಲ್ಲಿ ಅದರ ಸೊಗಡು ಇಲ್ಲಿಯವರೆಗೆ ತೇಲಿ ಬರುತ್ತಿತ್ತು. ಇಲ್ಲಿ ಬರೀ ಎಲೆ.

ಶಾಂತಮಲ್ಲ ಗೊಬ್ಬರ ಹಾಕಿದ. ಬಾವಿಯಿಂದ ನೀರು ಹೊತ್ತು ಹುಯ್ದ. ಹೊಲದ ಮೂಲೆಯಲ್ಲಿ ಕೂತು ಜಪ ಮಾಡಿದ. ಎಲೆ ಇನ್ನಷ್ಟು ದಪ್ಪವಾಯಿತು.

ಮಾರಜ್ಜನ ಕಣ್ಣು ಮಂಜಾಗಿತ್ತು. ದಿನಾ ಬೆಳಗ್ಗೆ ಬದುವಿನ ಮೇಲೆ ಕೂತು ಮೂಗೆತ್ತಿ ಶಾಂತಮಲ್ಲನನ್ನು ಕೇಳುತ್ತಿದ್ದ, "ನಮ್ಮದರ ಸೊಗಡು ಬಂತಾ?"

"ಇನ್ನೂ ಇಲ್ಲ ಅಜ್ಜ. ಬರ್ತದೆ."

ಮಾರ್ಗಶಿರದಲ್ಲೂ ಅವನು ಕೇಳಿದ. ಶಾಂತಮಲ್ಲ ಬದುವಿನ ಆ ಕಡೆಯಿಂದ ನಡೆಯುವುದನ್ನೇ ಬಿಟ್ಟ.

ಒಂದು ಮಧ್ಯಾಹ್ನ ಕೇತಮ್ಮ ಮೇವಿಗೆಂದು ಹೋದವಳು ಹೊಲದ ತೆಂಕಣ ಮೂಲೆಯಿಂದ ಕೂಗಿದಳು.

"ಬುದ್ಧಿ, ಇಲ್ಲಿ ಬನ್ನಿ."

ಅಲ್ಲಿ ಒಂದು ಗಳದ ಸುತ್ತ, ನಾಲ್ಕು ಹೆಜ್ಜೆಯಗಲ, ಬಳ್ಳಿಗಳು ಬಿಳಿ ಹೂವಿನಿಂದ ತುಂಬಿದ್ದವು. ಕೆಳಗಿನ ಗೊಂಚಲಲ್ಲಿ ಆಗಲೇ ಎಳೆ ಕಾಯಿ ಕಟ್ಟಿತ್ತು. ಜೇನು ಗುಂಯ್ ಎನ್ನುತ್ತಿತ್ತು.

ಆ ವೃತ್ತದ ಆಚೆ ಒಂದು ಹೂವಿಲ್ಲ.

"ಈ ಬಲ್ಬು ಹೋಗಿ ಎರಡು ತಿಂಗಳಾಯ್ತು" ಎಂದಳು ಕೇತಮ್ಮ. "ಒಂದು ತಾನೆ ಅಂತ ಯಾರೂ ಹಾಕ್ಲಿಲ್ಲ."

ಶಾಂತಮಲ್ಲ ಗಳದ ತುದಿ ನೋಡಿದ. ಆಮೇಲೆ ಹೂ ನೋಡಿದ. ಆಮೇಲೆ ಓಡಿದ. ಆಶ್ರಮದ ಗೋಡೆಗೆ ಬಂದು ತಂತಿಯನ್ನು ಎರಡೂ ಕೈಯಿಂದ ಜಗ್ಗಿ ಕಿತ್ತ. ನಡುಹಗಲು. ದೀಪ ಉರಿಯುತ್ತಿರಲೇ ಇಲ್ಲ. ಆದರೂ ಕಿತ್ತ.

ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಳಗೆ ಹೋಗಿ ತಮಟೆ ತಂದು ಅವನ ಮುಂದೆ ಇಟ್ಟಳು.

ಆ ಸಂಜೆ ಮೂರು ತಿಂಗಳ ಮೇಲೆ ಹೊಲಕ್ಕೆ ಕತ್ತಲಾಯಿತು. ಶಾಂತಮಲ್ಲ ಅಟ್ಟಣೆಯ ಮೂರನೇ ಮೆಟ್ಟಿಲವರೆಗೆ ಹತ್ತಿದ. ಬೆಳಗಾಗುವವರೆಗೆ ಅಲ್ಲೇ ಏಣಿಗೆ ಅಂಟಿಕೊಂಡಿದ್ದ.

ನಾಲ್ಕನೆಯ ದಿನ ಹಂದಿಗಳು ಬಂದವು. ಅವನು ತಮಟೆ ಬಡಿದ. ಕಿರುಚಿದ. ಬೆಳಗ್ಗೆ ನೋಡಿದರೆ ಅಂಗೈ ಬಾಯಿಬಿಟ್ಟಿತ್ತು. ಹೊಲದ ಮೂರರಲ್ಲೊಂದು ಪಾಲು ಉತ್ತ ಹಾಗೆ ಕೆದರಿತ್ತು.

ಉಳಿದ ಬಳ್ಳಿಗಳು ಹೂ ಬಿಟ್ಟವು. ಬಿಟ್ಟಿದ್ದು ಪುಷ್ಯದ ಕೊನೆಗೆ. ಅಷ್ಟರಲ್ಲಿ ಇಬ್ಬನಿ ನಿಂತುಹೋಗಿತ್ತು. ಮೂಡಣದ ಬಿಸಿಗಾಳಿ ಎದ್ದಿತು. ಒಂದು ವಾರದಲ್ಲಿ ಹೂವೆಲ್ಲ ನೆಲಕ್ಕೆ ಉದುರಿತು. ಕಚ್ಚಿಕೊಂಡ ಕಾಯಿಗಳಲ್ಲಿ ಜೊಳ್ಳೇ ಹೆಚ್ಚು.

ಇಡೀ ಹೊಲದಿಂದ ಒಂದೂವರೆ ಮೂಟೆ ಕಾಳಾಯಿತು. ಆರಿದ ದೀಪದ ಕೆಳಗಿನ ಕಾಳನ್ನು ಅವ್ವ ಬೀಜಕ್ಕೆಂದು ಬೇರೆ ತೆಗೆದಿಟ್ಟಳು. ಉಳಿದದ್ದು ಮನೆಗೆ ಮೂರು ಮೊರ ಬಂತು.

ಮಾಘದಲ್ಲಿ ಊರು ಖಾಲಿಯಾಗತೊಡಗಿತು. ಕಾಫಿ ತೋಟದವರ ಲಾರಿ ರಸ್ತೆಗೆ ಬಂದು ನಿಲ್ಲುತ್ತಿತ್ತು. ಒಂದೊಂದೇ ಮನೆಯವರು ಬಾಗಿಲಿಗೆ ಮುಳ್ಳು ಹಾಕಿ ಹತ್ತಿ ಹೋದರು.

ಕೇತಮ್ಮ ಮಾವನನ್ನು ಬೆನ್ನ ಮೇಲೆ ಹೊತ್ತು ಆಶ್ರಮಕ್ಕೆ ಬಂದಳು. ಜಗಲಿಯ ಮೇಲೆ ಇಳಿಸಿದಳು.

"ಲಾರಿಯೋರು ನಡೆಯಕ್ಕಾಗ್ದೋರ್ನ ಹತ್ತಿಸ್ಕಳಲ್ವಂತೆ ಅವ್ವ. ಮಳೆ ಬೀಳೋಗಂಟ ಇಟ್ಕಳಿ."

"ಇರಲಿ" ಎಂದಳು ಅವ್ವ.

ಶಾಂತಮಲ್ಲ ರಸ್ತೆಯವರೆಗೆ ಅವಳ ಗಂಟು ಹೊತ್ತುಕೊಂಡು ಹೋದ. ಲಾರಿ ಇನ್ನೂ ಬಂದಿರಲಿಲ್ಲ.

"ಕೇತಮ್ಮ, ಒಂದು ಮಾತು ಹೇಳಬೇಕು."

"ಹೇಳಿ ಬುದ್ಧಿ."

"ಆ ದಿನ ನನಗೆ ಜ್ವರ ಇರಲಿಲ್ಲ."

ಅವಳು ರಸ್ತೆಯ ತುದಿಯನ್ನೇ ನೋಡುತ್ತಿದ್ದಳು. "ಗೊತ್ತು."

"ಗೊತ್ತಾ?"

"ನಮ್ಮನೆಯೋರು ಉಣ್ಣಕ್ಕೆ ಬಂದಿದ್ರಲ್ಲ, ಆಗ ಹೇಳಿದ್ರು. ಬುದ್ಧಿಗೆ ಜ್ವರ ಗಿರ ಏನಿಲ್ಲ, ಧ್ಯಾನ ಹತ್ತಿದೆ, ಕೂತ್ಕಳ್ಲಿ ಪಾಪ, ನಮಗಂತೂ ಹತ್ತಲ್ಲ, ಹತ್ತಿದೋರಾದ್ರೂ ಕೂತ್ಕಳ್ಲಿ ಅಂದ್ರು."

ಶಾಂತಮಲ್ಲನ ಕೈಯಿಂದ ಗಂಟು ಜಾರಿತು. ಕೇತಮ್ಮ ಬಗ್ಗಿ ಎತ್ತಿಕೊಂಡಳು.

"ಗೊತ್ತಿದ್ದೂ ನೀನು ಒಂದು ಮಾತು ಅನ್ನಲಿಲ್ಲ."

"ಅನ್ನಬೇಕು ಅನ್ನಿಸ್ತಿತ್ತು. ಅಷ್ಟರಲ್ಲಿ ನೀವು ದೀಪ ಕಟ್ಟಿದ್ರಿ. ಏನೋ ಒಂದು ಮಾಡ್ಕಂಡು ಸಮಾಧಾನ ಆಗ್ಲಿ ಅಂತ ಸುಮ್ಮನಾದೆ." ಗಂಟನ್ನು ಕಂಕುಳಿಗೆ ಸೇರಿಸಿ ಅವಳೇ ಹೇಳಿದಳು, "ಅವರೆ ಎಲೆ ರಾತ್ರಿ ಮುದುಡ್ತಾ ಇಲ್ಲ ಅನ್ನೋದನ್ನ ನಾನೂ ನೋಡಿದ್ದೆ ಬುದ್ಧಿ. ಕಣ್ಣು ಹತ್ತೋ ಆಸೆಗೆ ನಾನೂ ಬಾಯಿ ಬುಡಲಿಲ್ಲ."

ಲಾರಿ ಬಂತು. ಅವಳು ಹತ್ತಿದಳು. ತಿರುಗಿ ನೋಡಲಿಲ್ಲ.

ಆಶ್ರಮದಲ್ಲಿ ಇದ್ದದ್ದು ಅರ್ಧ ಮೂಟೆ ರಾಗಿ. ಮೂವರಿಗೆ ದಿನಕ್ಕೆರಡು ಹೊತ್ತು ಅಂಬಲಿ.

ಮಾರಜ್ಜ ಜಗಲಿಯ ಮೂಲೆಯಲ್ಲಿ ಇರುತ್ತಿದ್ದ. ಬೆಳಗ್ಗೆ ಅವ್ವ ಅಂಬಲಿ ತಂದರೆ, "ಬುದ್ಧಿ ಆಗ್ಲೇ ಕೊಟ್ರು ಕಣವ್ವ, ಉಂಡೆ" ಎನ್ನುತ್ತಿದ್ದ. ಸಂಜೆ ಶಾಂತಮಲ್ಲ ತಂದರೆ, "ಅವ್ವ ಕೊಟ್ರು, ಹೊಟ್ಟೆ ತುಂಬದೆ" ಎನ್ನುತ್ತಿದ್ದ. ಯಾವಾಗಲಾದರೊಮ್ಮೆ ಎರಡು ಗುಟುಕು ಕುಡಿಯುತ್ತಿದ್ದ. ಅವನ ಮಾತನ್ನು ಒಬ್ಬರನ್ನೊಬ್ಬರು ಕೇಳಿ ತಾಳೆ ನೋಡಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಮೂರು ವಾರದ ಮೇಲೆ ಒಂದು ಬೆಳಗ್ಗೆ ಅವ್ವ ಕೇಳಿದಳು, "ಅಜ್ಜನಿಗೆ ಇಷ್ಟು ಬೇಗ ಕೊಟ್ಟೆಯಾ?"

"ನಾನೆಲ್ಲಿ ಕೊಟ್ಟೆ? ಬೆಳಗ್ಗೆ ದಿನಾ ನೀವೇ ಅಲ್ವಾ ಕೊಡೋದು?"

ಇಬ್ಬರೂ ಜಗಲಿಗೆ ಓಡಿದರು.

ಮಾರಜ್ಜನಿಗೆ ಉಸಿರಿತ್ತು. ಅವ್ವ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ಅಂಬಲಿ ಹಾಕಿದಳು. ಅದು ತುಟಿಯ ಅಂಚಿನಿಂದ ಇಳಿದು ಹೋಯಿತು.

"ಯಾಕಪ್ಪ ಹೀಗೆ ಮಾಡಿದೆ?" ಎಂದಳು.

"ಇರೋದು ಒಂಚೂರು" ಎಂದ ಮಾರಜ್ಜ. "ಮಳೆ ದೂರ ಅದೆ."

ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಸತ್ತ.

ಊರಿನಲ್ಲಿ ಗಂಡಸರಿರಲಿಲ್ಲ. ಶಾಂತಮಲ್ಲ ಒಬ್ಬನೇ ಗುಂಡಿ ತೋಡಿದ. ಒಬ್ಬನೇ ಎತ್ತಿ ಇಳಿಸಿದ. ಅವ್ವ ಸೆರಗಿನಲ್ಲಿ ಮಣ್ಣು ತುಂಬಿ ತುಂಬಿ ತಂದು ಹಾಕಿದಳು.

ಕೈ ತೊಳೆದು ಬಾವಿಯ ಕಟ್ಟೆಯ ಮೇಲೆ ಕೂತಾಗ ಶಾಂತಮಲ್ಲ ಹೇಳಿದ, "ದೀಪ ಇದ್ರೆ ಹೂ ಬಿಡಲ್ಲ ಅಂತ ನಿಮಗೆ ಮೊದಲೇ ಗೊತ್ತಿತ್ತು."

"ಗೊತ್ತಿತ್ತು."

"ನಾನು ಕೇಳಲಿಲ್ಲ. ನೀವು ತಂತಿ ಕತ್ತರಿಸಬಹುದಿತ್ತು."

"ಕುಡುಗೋಲು ಹಿಡ್ಕೊಂಡು ಹೊಲಕ್ಕೆ ಇಳಿದು ಹೋಗಿದ್ದೆ ಒಂದು ರಾತ್ರಿ."

"ಮತ್ತೆ?"

"ಕೇತಮ್ಮ ತನ್ನ ಮನೆ ಜಗಲಿ ಮೇಲೆ ಮಲಗಿದ್ದಳು. ಬಾಯಿ ತೆರಕೊಂಡು, ಮಗು ಮಲಗಿದ ಹಾಗೆ. ದೀಪದ ಬೆಳಕು ಮುಖದ ಮೇಲಿತ್ತು. ಗಂಡ ಸತ್ತ ಮೇಲೆ ಅವಳು ನಿದ್ದೆ ಮಾಡಿದ್ದನ್ನ ನಾನು ನೋಡಿದ್ದು ಅವತ್ತೇ. ಇದು ಆರಿದರೆ ಎದ್ದುಬಿಡ್ತಾಳೆ ಅನ್ನಿಸ್ತು. ವಾಪಸ್ ಬಂದೆ."

ಶಾಂತಮಲ್ಲ ಉಗುರಿನ ಸಂದಿಯ ಮಣ್ಣು ಕೆರೆದ.

"ಹಾಗಾದರೆ ಇದರಲ್ಲಿ ನಿಮ್ಮದೂ ಪಾಲಿದೆ."

"ಪಾಲು ಎಲ್ಲಿಂದ ಬಂತು?" ಎಂದಳು ಅವ್ವ. "ಇದು ಹಂಚೋಕೆ ಕಾಳಲ್ಲ. ನಿನಗೂ ಪೂರ್ತಿ, ನನಗೂ ಪೂರ್ತಿ."

ಮಳೆ ಬಂತು. ಎಂಟು ಮನೆಯವರು ಮುಳ್ಳು ಸರಿಸಿ ಒಳಗೆ ಹೋದರು. ಕೇತಮ್ಮ ಬರಲಿಲ್ಲ. ಮಾವ ಸತ್ತ ಸುದ್ದಿ ಅವಳಿಗೆ ತಲುಪಿದೆ ಎಂದು ಯಾರೋ ಹೇಳಿದರು. ತಲುಪಿ ಏನಂದಳು ಎಂದು ಹೇಳಲಿಲ್ಲ.

ಬೀಜ ಹೊಲದ ಕಾಲುಭಾಗಕ್ಕೆ ಸಾಕಾಯಿತು. ಉಳಿದ ನೆಲ ಬೀಳು ಬಿತ್ತು. ಗಳಗಳನ್ನು ಕಿತ್ತು ಹಾಕಿದ್ದರು. ಬಲ್ಬುಗಳು ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಕೊಟ್ಟಿಗೆಯ ಮೂಲೆ ಸೇರಿದ್ದವು.

ಭಾದ್ರಪದದ ಒಂದು ಮಧ್ಯಾಹ್ನ ನಿಂಗಶೆಟ್ಟಿ ಎಂಬುವನು ಬಂದ. ಗುಡ್ಡದ ಆಚೆಯ ಊರಿನ ಯಜಮಾನ. ಅವ್ವನ ಕಾಲಿಗೆ ಬಿದ್ದು, ಶಾಂತಮಲ್ಲನ ಕಡೆ ತಿರುಗಿದ.

"ನನ್ನ ತಮ್ಮನ ಹೊಟ್ಟೆಗೆ ಹಂದಿ ಹಾಯ್ತು ಬುದ್ಧಿ. ಬದುಕಿದ, ಅಷ್ಟೆ. ಈಗ ಯಾರೂ ಅಟ್ಟಣೆ ಹತ್ತಕ್ಕೆ ಒಪ್ತಾ ಇಲ್ಲ. ನಿಮ್ಮ ದೀಪ ಸುಮ್ಮನೆ ಬಿದ್ದವಂತೆ. ನಮಗೆ ಕೊಡಿ."

ಶಾಂತಮಲ್ಲ ಗುರುವಿನ ಮುಖ ನೋಡಿ ಕಾದ.

ಅವ್ವ ಮೊರದಲ್ಲಿ ರಾಗಿ ಕೇರುತ್ತಿದ್ದಳು. "ನನ್ನ ಯಾಕೆ ನೋಡ್ತೀಯ? ಅವನ್ನ ತಂದೋನು ನೀನು."

ಶಾಂತಮಲ್ಲ ಹೇಳತೊಡಗಿದ. ಮೊದಲಿನಿಂದ ಹೇಳಿದ. ಇಲ್ಲದ ಜ್ವರ ಹೇಳಿದ. ಹತ್ತು ಮಾರು ತೆವಳಿದ್ದನ್ನು ಹೇಳಿದ. ಕಪ್ಪು ಹಸಿರು ಎಲೆ, ಆರಿದ ದೀಪದ ಕೆಳಗಿನ ಹೂ, ಉದುರಿದ್ದು, ಲಾರಿ, ಮಾರಜ್ಜ. ಒಂದನ್ನೂ ಬಿಡಲಿಲ್ಲ. ಯಾರ ಮೇಲೂ ಹಾಕಲಿಲ್ಲ.

ನಿಂಗಶೆಟ್ಟಿ ತಲೆ ತಗ್ಗಿಸಿ ಕೇಳಿದ. ಮುಗಿದ ಮೇಲೆ ರುಮಾಲು ತೆಗೆದು ಮುಖ ಒರೆಸಿಕೊಂಡ.

"ನಿಮ್ಮ ಕಷ್ಟ ದೊಡ್ಡದು ಬುದ್ಧಿ. ಆದ್ರೂ ದೀಪ ಕೊಡಿ."

"ಹೂ ಬಿಡಲ್ಲ ಶೆಟ್ಟರೇ."

"ಬುಡದಿದ್ರೆ ಬ್ಯಾಡ. ಅವರೆ ಹೋದ್ರೆ ಮುಂದಿನ ವರ್ಷ ಬರ್ತದೆ. ಮನುಷ್ಯ ಹೋದ್ರೆ ಬರ್ತಾನಾ?"

ಹೋದ ವರ್ಷ ಶಾಂತಮಲ್ಲ ಆಡಬಹುದಾಗಿದ್ದ ಮಾತು ಅದೇ.

"ನಾಳೆ ಗಾಡಿ ತರ್ತೀನಿ" ಎಂದು ನಿಂಗಶೆಟ್ಟಿ ಎದ್ದು ಹೋದ.

ಶಾಂತಮಲ್ಲ ಅಂಗಳದಲ್ಲೇ ನಿಂತಿದ್ದ.

"ಅವ್ವ, ದೀಪ ಒಡೆದು ಹಾಕಲಾ?"

"ಒಡೆದರೆ ಪೇಟೇಲಿ ಬೇರೆ ಸಿಗ್ತವೆ."

"ಕೊಟ್ಟರೆ ಆ ಊರೂ ನಮ್ಮ ಹಾಗೆ ಆಗ್ತದೆ."

"ಹೂಂ."

"ಎಷ್ಟು ಹೇಳಿದ್ರೂ ಅವರು ಕೇಳಲ್ಲ."

"ಹೂಂ."

ಅವ್ವ ಮೊರ ಕೆಳಗಿಟ್ಟಳು. "ಅವರ ಹೊಲ ಎಷ್ಟು ದೂರ?"

"ಗುಡ್ಡ ದಾಟಬೇಕು. ಈಗ ಹೊರಟರೆ ಹೊತ್ತು ಮುಳುಗೋ ಅಷ್ಟರಲ್ಲಿ..."

ಅವನು ಅಲ್ಲಿಗೆ ನಿಲ್ಲಿಸಿದ.

"ಒಂದು ರಾತ್ರಿ ಅಲ್ಲ ಅದು" ಎಂದ. "ಹೂ ಬಿಟ್ಟು ಕಾಯಿ ಬಲಿಯೋವರೆಗೂ ಅಲ್ಲಿ ಕೂರಬೇಕು."

ಅವ್ವ ನೆಲಕ್ಕೆ ಚೆಲ್ಲಿದ ರಾಗಿ ಆರಿಸಿ ಮೊರಕ್ಕೆ ಹಾಕಿದಳು.

"ನಾನು ಹೋದರೆ ನಮ್ಮ ಹೊಲ ಯಾರು ಕಾಯ್ತಾರೆ?"

"ನಾನಿದೀನಲ್ಲ."

ಶಾಂತಮಲ್ಲ ಅವಳ ಕೈ ನೋಡಿದ. ಮೊರ ಹಿಡಿದೂ ಹಿಡಿದೂ ಅದು ಸವೆದುಹೋಗಿತ್ತು. ಅವನು ಗೋಡೆಗೆ ನೇತು ಹಾಕಿದ್ದ ತಮಟೆಯನ್ನು ಇಳಿಸಿ ಅವಳ ಪಕ್ಕದಲ್ಲಿಟ್ಟ. ತಾನು ಬರಿಗೈಯಲ್ಲಿ ಅಂಗಳ ದಾಟಿದ.

ಅವ್ವ ಒಳಗೆ ಹೋದಳು. ತಾನು ಹೊದೆಯುತ್ತಿದ್ದ ಕಂಬಳಿ ತಂದು, ಬೇಲಿಯ ದಣಪೆಯ ಹತ್ತಿರ ಅವನನ್ನು ನಿಲ್ಲಿಸಿ, ಹೆಗಲ ಮೇಲೆ ಹಾಕಿದಳು.

"ಸರಿಯಾಗಿ ಹೊದ್ಕೊ. ಆ ಕಡೆ ಗಾಳಿ ಮೂಳೆವರೆಗೂ ಹೋಗ್ತದೆ."